ಐದರಲ್ಲೊಂದು ಸೆಕೆಂಡಿನ ಲೆಕ್ಕ

‘ಸಾರ್, ಮನುಷ್ಯರ ದಾಖಲೆಗಳೆಲ್ಲ ಮುರೀತಾ ಇವೆ, ಕುದುರೆಗಳು ಮಾತ್ರ ಯಾಕೆ ಐವತ್ತು ವರ್ಷದಿಂದ ಅಲ್ಲೇ ನಿಂತಿವೆ?’ ಎಂದು ನನ್ನ ಹಳೆಯ ಶಿಷ್ಯನೊಬ್ಬ ಕೇಳಿ ಕಳಿಸಿದ್ದಾನೆ. ಅವನಿರುವುದು ಅಮೆರಿಕದ ಕೆಂಟಕಿಯಲ್ಲಿ, ಲೆಕ್ಸಿಂಗ್ಟನ್ ಹತ್ತಿರ. ಎತ್ತ ನೋಡಿದರೂ ಕುದುರೆ ಫಾರ್ಮುಗಳಂತೆ. ಹೈಸ್ಕೂಲಿನಲ್ಲಿ 800 ಮೀಟರ್ ಓಡುತ್ತಿದ್ದ. ಮೊದಲ ಸುತ್ತನ್ನೇ ಹುಚ್ಚುಹಿಡಿದವನ ಹಾಗೆ ಓಡಿ, ಎರಡನೇ ಸುತ್ತಿನಲ್ಲಿ ಉಸಿರು ಸಿಕ್ಕದೆ ಒದ್ದಾಡುವ ಜಾತಿ. ಈಗ ಪ್ರತಿ ಮೇ ತಿಂಗಳ ಮೊದಲ ಶನಿವಾರ ಕೆಂಟಕಿ ಡರ್ಬಿ ಮುಗಿದ ಕೂಡಲೇ ನನಗೆ ಟೈಮಿಂಗ್ ಕಳಿಸುತ್ತಾನೆ. ಇಲ್ಲಿ ಆಗ ಭಾನುವಾರದ ಬೆಳಗಿನ ಜಾವ.

ನಾನು ಮೈಸೂರಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದು ನಿವೃತ್ತನಾದವನು. ತಾಲ್ಲೂಕು, ಜಿಲ್ಲೆ, ವಿಭಾಗ ಮಟ್ಟದ ಕ್ರೀಡಾಕೂಟಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಫಿನಿಷಿಂಗ್ ಗೆರೆಯ ಪಕ್ಕ ನಿಂತೇ ಅರ್ಧ ಆಯುಸ್ಸು ಕಳೆದಿದೆ. ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸಿಗೂ ಹೋಗುತ್ತೇನೆ, ದುಡ್ಡು ಕಟ್ಟುವುದಿಲ್ಲ. ಮನೆಯಲ್ಲಿ ಈ ಮಾತನ್ನು ಯಾರೂ ನಂಬುವುದಿಲ್ಲ, ಅದಿರಲಿ.

ಶಿಷ್ಯ ಕೇಳಿದ್ದು ಸೆಕ್ರೆಟೇರಿಯಟ್ ಎಂಬ ಕುದುರೆಯ ಬಗ್ಗೆ. ಅಮೆರಿಕದಲ್ಲಿ ಮೂರು ವರ್ಷ ಪ್ರಾಯದ ಕುದುರೆಗಳಿಗೆ ಮೂರು ದೊಡ್ಡ ಓಟಗಳಿವೆ. ಲೂಯಿವಿಲ್‌ನ ಚರ್ಚಿಲ್ ಡೌನ್ಸ್‌ನಲ್ಲಿ ಹತ್ತು ಫರ್ಲಾಂಗಿನ ಡರ್ಬಿ (ಒಂದು ಫರ್ಲಾಂಗೆಂದರೆ ಸುಮಾರು 200 ಮೀಟರ್), ಬಾಲ್ಟಿಮೋರ್‌ನ ಪಿಮ್ಲಿಕೋದಲ್ಲಿ ಒಂಬತ್ತೂವರೆ ಫರ್ಲಾಂಗಿನ ಪ್ರೀಕ್‌ನೆಸ್, ನ್ಯೂಯಾರ್ಕಿನಲ್ಲಿ ಹನ್ನೆರಡು ಫರ್ಲಾಂಗಿನ ಬೆಲ್ಮಾಂಟ್. ಮೂರನ್ನೂ ಒಂದೇ ವರ್ಷ ಗೆದ್ದರೆ ಟ್ರಿಪಲ್ ಕ್ರೌನ್. 1973ರಲ್ಲಿ ಸೆಕ್ರೆಟೇರಿಯಟ್ ಮೂರನ್ನೂ ಗೆದ್ದಿತು. ಡರ್ಬಿ 1 ನಿಮಿಷ 59.4 ಸೆಕೆಂಡು, ಪ್ರೀಕ್‌ನೆಸ್ 1 ನಿಮಿಷ 53, ಬೆಲ್ಮಾಂಟ್ 2 ನಿಮಿಷ 24. ಆ ದೂರಗಳಿಗೆ ಈ ಮೂರು ಓಟಗಳ ದಾಖಲೆ ಇವತ್ತಿಗೂ ಇವೇ. ಮನುಷ್ಯರ ಕಡೆ ನೋಡಿ: ಆ ವರ್ಷ ಪುರುಷರ 1500 ಮೀಟರ್ ವಿಶ್ವದಾಖಲೆ ಜಿಮ್ ರಯನ್ ಹೆಸರಿನಲ್ಲಿ 3 ನಿಮಿಷ 33.1 ಸೆಕೆಂಡು ಇತ್ತು. 1998ರಲ್ಲಿ ಹಿಶಾಮ್ ಎಲ್ ಗೆರೂಜ್ ಅದನ್ನು 3 ನಿಮಿಷ 26ಕ್ಕೆ ತಂದ. ಕುದುರೆಗಳ ಪಟ್ಟಿಯಲ್ಲಿ ಇಂಥ ಇಳಿತ ಕಾಣುವುದೇ ಇಲ್ಲ.

ಆದರೆ ಟೈಮ್‌ಕೀಪರ್ ಆದವನು ‘ಯಾಕೆ’ ಎಂದು ಕೇಳುವ ಮೊದಲು ‘ಯಾರ ವಾಚು’ ಎಂದು ಕೇಳಬೇಕು. ಮೇಲಿನ ಮೂರರಲ್ಲಿ ಒಂದು ಸಂಖ್ಯೆಗೆ ದೊಡ್ಡ ಕಥೆಯೇ ಇದೆ.

1973ರ ಮೇ 19, ಪ್ರೀಕ್‌ನೆಸ್. ಓಟ ಮುಗಿದಾಗ ಎಲೆಕ್ಟ್ರಾನಿಕ್ ಗಡಿಯಾರ ತೋರಿಸಿದ್ದು 1 ನಿಮಿಷ 55 ಸೆಕೆಂಡು. ಪಿಮ್ಲಿಕೋದ ಅಧಿಕೃತ ಟೈಮ್‌ಕೀಪರ್ ಕೈಯಲ್ಲಿದ್ದ ವಾಚಿನಲ್ಲಿ 1 ನಿಮಿಷ 54.4. ‘ಡೇಲಿ ರೇಸಿಂಗ್ ಫಾರ್ಮ್’ ಪತ್ರಿಕೆಯ ಇಬ್ಬರು ಟೈಮ್‌ಕೀಪರ್‌ಗಳು ಬೇರೆ ಬೇರೆಯಾಗಿ ಹಿಡಿದ ಟೈಮ್ 1 ನಿಮಿಷ 53.4. ಒಂದೇ ಓಟ, ಮೂರು ಉತ್ತರ. ಆಗ ಅಲ್ಲಿನ ದಾಖಲೆ ಇದ್ದದ್ದು 1 ನಿಮಿಷ 54, ಎರಡು ವರ್ಷ ಹಿಂದೆ ಕ್ಯಾನೊನೆರೋ ಎಂಬ ಕುದುರೆ ಮಾಡಿದ್ದು. ಪತ್ರಿಕೆಯವರ ವಾಚು ಸರಿ ಎಂದರೆ ದಾಖಲೆ, ಉಳಿದೆರಡರಲ್ಲಿ ಯಾವುದು ಸರಿ ಎಂದರೂ ಅಲ್ಲ. ಎರಡು ದಿನ ಬಿಟ್ಟು ಅಧಿಕಾರಿಗಳು ಎಲೆಕ್ಟ್ರಾನಿಕ್ ಟೈಮನ್ನು ಬಿಸಾಡಿ, ತಮ್ಮ ಟೈಮ್‌ಕೀಪರ್‌ನ 1 ನಿಮಿಷ 54.4 ಅನ್ನು ದಾಖಲಿಸಿದರು.

ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಉರಿಯಿತು. ನಮ್ಮ ಕೂಟಗಳಲ್ಲಿ ಮೊದಲನೇ ಸ್ಥಾನಕ್ಕೆ ಮೂರು ವಾಚು ಹಿಡಿಯುತ್ತೇವೆ. ಎರಡು ಒಂದೇ ತೋರಿಸಿದರೆ ಅದೇ ಟೈಮ್. ಮೂರೂ ಬೇರೆಯಾದರೆ ನಡುವಿನದು. ನಿಯಮ ಪುಸ್ತಕದಲ್ಲೇ ಇರುವ ಮಾತು. ಕೈ ವಾಚಿನ ತಪ್ಪು ಎಷ್ಟಿರುತ್ತದೆ ಎಂಬುದೂ ನಮಗೆ ಗೊತ್ತು. ಓಟ ಶುರು ಮಾಡಿಸುವ ಹಲಗೆ ಜೋಡಿ, ಅಂದರೆ ಕ್ಲ್ಯಾಪರ್, ಮುಚ್ಚಿದ್ದನ್ನು ಕಣ್ಣು ನೋಡಿ ಬೆರಳಿಗೆ ಹೇಳುವಷ್ಟರಲ್ಲಿ ಸ್ವಲ್ಪ ತಡ; ಮುಗಿಯುವಾಗ ಓಟಗಾರ ಬರುವುದು ಕಾಣುತ್ತಲೇ ಇರುವುದರಿಂದ ಬೆರಳು ಸಿದ್ಧವಾಗಿರುತ್ತದೆ. ಹಾಗಾಗಿ ಕೈ ಟೈಮು ಸ್ವಲ್ಪ ಕಡಿಮೆಯೇ ಬರುತ್ತದೆ. 100 ಮೀಟರಿನಲ್ಲಿ ಅದನ್ನು ಎಲೆಕ್ಟ್ರಾನಿಕ್ ಟೈಮಿಗೆ ಹೋಲಿಸಬೇಕಾದರೆ 0.24 ಸೆಕೆಂಡು ಸೇರಿಸುವ ರೂಢಿ ಇದೆ. ಅಂದರೆ ಪಳಗಿದ ಇಬ್ಬರ ನಡುವೆ ಐದರಲ್ಲೊಂದು, ಬಹಳವೆಂದರೆ ಐದರಲ್ಲೆರಡು ಸೆಕೆಂಡು ವ್ಯತ್ಯಾಸ ಬರಬಹುದು. ಪೂರಾ ಒಂದು ಸೆಕೆಂಡು ಬರುವುದಿಲ್ಲ. ಬಂದರೆ ಅದು ಬೆರಳಿನ ತಪ್ಪಲ್ಲ, ಯಾವ ಜಾಗದಿಂದ ವಾಚು ಒತ್ತಿದರು ಎನ್ನುವುದರ ತಪ್ಪು ಎಂದು ನನ್ನ ಅನುಮಾನ. ಅಮೆರಿಕದಲ್ಲಿ ಕುದುರೆ ಗೇಟಿನಿಂದ ಹೊರಬಿದ್ದ ಕೂಡಲೇ ಗಡಿಯಾರ ಶುರುವಾಗುವುದಿಲ್ಲ. ಸ್ವಲ್ಪ ದೂರ ಓಡಿ, ಅಳತೆಯ ದೂರ ಎಲ್ಲಿಂದ ಆರಂಭವೋ ಆ ಕಂಬ ದಾಟಿದಾಗ ಶುರು. ಆ ‘ಸ್ವಲ್ಪ ದೂರ’ ಒಂದೊಂದು ಟ್ರ್ಯಾಕಿನಲ್ಲಿ ಒಂದೊಂದು ರೀತಿ. ವೇಗ ಹಿಡಿದ ಮೇಲೆ ಶುರುವಾಗುವ ಟೈಮಿಗೂ ನಿಂತಲ್ಲಿಂದ ಶುರುವಾಗುವ ಟೈಮಿಗೂ ಏನು ಅಂತರ ಎಂದು ಯಾವ 4x100 ರಿಲೇ ಹುಡುಗನನ್ನು ಬೇಕಾದರೂ ಕೇಳಿ.

ಗಂಟು ಬಿಚ್ಚಿದ್ದು 2012ರ ಜೂನ್ 19ಕ್ಕೆ. ಪಿಮ್ಲಿಕೋ ಇರುವ ಮೇರಿಲ್ಯಾಂಡ್ ರಾಜ್ಯದ ರೇಸಿಂಗ್ ಕಮಿಷನ್ ಹಳೆಯ ವಿಡಿಯೋಗಳನ್ನು ಈಗಿನ ತಂತ್ರಜ್ಞಾನದಿಂದ ಫ್ರೇಮ್ ಫ್ರೇಮಾಗಿ ಅಳೆಸಿದ ಪುರಾವೆ ನೋಡಿ, ಟೈಮ್ 1 ನಿಮಿಷ 53 ಎಂದು ತೀರ್ಮಾನಿಸಿತು. ಕುದುರೆ ಸತ್ತು ಆಗಲೇ ಹತ್ತಿರ ಹತ್ತಿರ 23 ವರ್ಷ. ಒಡತಿ ಪೆನ್ನಿ ಚೆನೆರಿ ಅವರಿಗೆ ತೊಂಬತ್ತು ವಯಸ್ಸು. ಪಟ್ಟು ಹಿಡಿದು ಕೇಸು ಮತ್ತೆ ತೆಗೆಸಿದವರು ಅವರೇ. ಅಷ್ಟರಲ್ಲಿ 1985ರಲ್ಲಿ ಟ್ಯಾಂಕ್ಸ್ ಪ್ರಾಸ್ಪೆಕ್ಟ್, 1996ರಲ್ಲಿ ಲೂಯಿ ಕ್ಯಾಟೋರ್ಜ್ 1 ನಿಮಿಷ 53.4ರಲ್ಲಿ ಓಡಿ, ದಾಖಲೆ ತಮ್ಮದೆಂದು ವರ್ಷಗಟ್ಟಲೆ ಹೆಸರು ಬರೆಸಿಕೊಂಡಿದ್ದವು.

ವಾಚಿನ ಜಗಳ ಮುಗಿಯಿತು. ಇನ್ನು ನೆಲ.

2015ರಲ್ಲಿ ಅಮೆರಿಕನ್ ಫೇರೋ ಎಂಬ ಕುದುರೆ 37 ವರ್ಷಗಳ ಮೇಲೆ ಟ್ರಿಪಲ್ ಕ್ರೌನ್ ಗೆದ್ದಿತಲ್ಲ, ಅದರ ಪ್ರೀಕ್‌ನೆಸ್ ಟೈಮ್ 1 ನಿಮಿಷ 58.46. ಸೆಕ್ರೆಟೇರಿಯಟ್‌ಗಿಂತ ಐದೂವರೆ ಸೆಕೆಂಡು ನಿಧಾನ. ರೇಸಿನವರು ಸುಮಾರಿಗೆ ಒಂದು ಲೆಂತ್‌ಗೆ ಐದರಲ್ಲೊಂದು ಸೆಕೆಂಡು ಎಂದು ಲೆಕ್ಕ ಹಾಕುತ್ತಾರೆ. ಒಂದು ಲೆಂತ್ ಎಂದರೆ ಮೂಗಿನಿಂದ ಬಾಲದವರೆಗೆ ಒಂದು ಕುದುರೆಯಷ್ಟು ಉದ್ದ. ಆ ಲೆಕ್ಕದಲ್ಲಿ ಫೇರೋ 27 ಲೆಂತ್ ಹಿಂದೆ. ಆದರೆ ಆ ದಿನ ಓಟ ಶುರುವಾಗುವ ಹೊತ್ತಿಗೆ ಪಿಮ್ಲಿಕೋದಲ್ಲಿ ಧೋ ಎಂದು ಮಳೆ ಸುರಿದು ಟ್ರ್ಯಾಕು ಕೆಸರುಗದ್ದೆಯಾಗಿತ್ತು. ಮೂರು ವಾರ ಬಿಟ್ಟು ಅದೇ ಕುದುರೆ ಒಣ ನೆಲದಲ್ಲಿ ಬೆಲ್ಮಾಂಟನ್ನು 2 ನಿಮಿಷ 26.65ಕ್ಕೆ ಓಡಿತು. ಸೆಕ್ರೆಟೇರಿಯಟ್‌ಗಿಂತ 2.65 ಸೆಕೆಂಡು ಹೆಚ್ಚು, ಅಂದರೆ 13 ಲೆಂತ್. ಒಂದೇ ಕುದುರೆ ಒಂದೇ ತಿಂಗಳೊಳಗೆ 27 ಲೆಂತ್ ಹಿಂದೆಯೂ ಹೌದು, 13 ಲೆಂತ್ ಹಿಂದೆಯೂ ಹೌದು. 1977ರ ಸಿಯಾಟಲ್ ಸ್ಲೂ ಬೆಲ್ಮಾಂಟನ್ನು ಕೆಸರಿನಲ್ಲಿ 2 ನಿಮಿಷ 29.6ಕ್ಕೆ ಓಡಿತು, ಮರು ವರ್ಷ ಅಫರ್ಮ್ಡ್ 2 ನಿಮಿಷ 26.8. ಅಫರ್ಮ್ಡ್ ಸುಮಾರು ಮೂರು ಸೆಕೆಂಡು ಮೇಲಿನ ಕುದುರೆ ಎಂದು ಯಾರಾದರೂ ಹೇಳಿದರೆ ಅವರ ಹತ್ತಿರ ವಾದ ಬೇಡ, ಎದ್ದು ಬನ್ನಿ.

ನಮ್ಮ ಕಡೆ ಓಟ ಹುಲ್ಲಿನ ಮೇಲೆ. ಮೈಸೂರಿನ ಮಳೆಗಾಲದ ರೇಸುಗಳನ್ನು ನೋಡಿದವರಿಗೆ ನೆಲದ ಮಹಿಮೆ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆಯೇ ಪೆನೆಟ್ರೋಮೀಟರ್ ರೀಡಿಂಗ್ ಹಾಕುತ್ತಾರೆ. ಭಾರ ಬಿಟ್ಟಾಗ ಸಲಾಕೆ ನೆಲದೊಳಗೆ ಎಷ್ಟು ಇಳಿಯಿತು ಎಂಬ ಅಳತೆ ಅದು. ಜೊತೆಗೆ ಫಾಲ್ಸ್ ರೇಲ್, ಅಂದರೆ ಟ್ರ್ಯಾಕಿನ ಒಳಬದಿಯ ತಾತ್ಕಾಲಿಕ ಬೇಲಿಯನ್ನು, ಎಷ್ಟು ಮೀಟರ್ ಸರಿಸಿದ್ದಾರೆ ಎಂಬುದೂ ಇರುತ್ತದೆ. ಹಳೇ ಗಿರಾಕಿಗಳು ಕುದುರೆಯ ಹೆಸರಿಗಿಂತ ಮೊದಲು ಅದನ್ನು ನೋಡುತ್ತಾರೆ.

ನೆಲ ನೋಡದೆ ಭಾಗಾಕಾರ ಮಾಡಿದರೆ ಏನಾಗುತ್ತದೆ ಎಂದು ನಾವೇ 2020ರಲ್ಲಿ ನೋಡಿದೆವಲ್ಲ. ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಎಂದರು, ಬೋಲ್ಟನ 9.58ಕ್ಕಿಂತ ಕಡಿಮೆ ಎಂದರು, ದೇಶವೆಲ್ಲ ಸುದ್ದಿ. ಕೇಂದ್ರ ಸರ್ಕಾರ ಟ್ರಯಲ್ಸ್‌ಗೆ ಕರೆಯಿತು. ಗೌಡರು ಹೋಗಲಿಲ್ಲ, ಕಂಬಳವೇ ಬೇರೆ ಟ್ರ್ಯಾಕೇ ಬೇರೆ ಎಂದರು. ಆ ಗಲಾಟೆಯಲ್ಲಿ ಲೆಕ್ಕ ಸರಿಯಾಗಿ ಗೊತ್ತಿದ್ದವರು ಅವರೊಬ್ಬರೇ. ಮುಂದೆ ಎಳೆಯುವ ಕೋಣಗಳಿವೆ, ಕಾಲ ಕೆಳಗೆ ಕೆಸರಿದೆ, ಕರೆಯ, ಅಂದರೆ ಕೋಣ ಓಡುವ ಕೆಸರಿನ ಓಣಿಯ, ಉದ್ದ ಊರಿಂದೂರಿಗೆ ಬೇರೆ. ಹಾಗೆಂದು ಅವರ ಓಟ ಸಣ್ಣದಾಗುವುದಿಲ್ಲ. ಅದನ್ನು ಹೋಲಿಸಬೇಕಾದ್ದು ಅದೇ ದಿನ ಅದೇ ಕರೆಯಲ್ಲಿ ಓಡಿದವರ ಜೊತೆ.

ಅಮೆರಿಕದಲ್ಲಿ ಆಂಡ್ರ್ಯೂ ಬೇಯರ್ ಎಂಬ ಪತ್ರಕರ್ತರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಒಂದು ದಿನ ಒಂದು ಟ್ರ್ಯಾಕಿನಲ್ಲಿ ನಡೆದ ಎಲ್ಲ ಓಟಗಳ ಟೈಮನ್ನೂ ನೋಡುವುದು. ಆಯಾ ದರ್ಜೆಯ ಕುದುರೆಗಳು ಸಾಮಾನ್ಯವಾಗಿ ಓಡುವ ಟೈಮಿಗಿಂತ ಎಲ್ಲವೂ ಬೇಗ ಬಂದಿದ್ದರೆ ಆ ದಿನದ ನೆಲ ವೇಗದ್ದು ಎಂದು ಅಂಕದಲ್ಲಿ ಅಷ್ಟನ್ನು ಕಳೆಯುವುದು, ತಡವಾಗಿದ್ದರೆ ಕೂಡುವುದು. ಉಳಿದದ್ದು ಕುದುರೆಯ ಅಂಕ. 2004ರಲ್ಲಿ ಘೋಸ್ಟ್‌ಜ್ಯಾಪರ್ ಎಂಬ ಕುದುರೆಗೆ 128 ಬಂದಿದ್ದೇ ದೊಡ್ಡ ಸುದ್ದಿ. ಸೆಕ್ರೆಟೇರಿಯಟ್‌ನ ಬೆಲ್ಮಾಂಟ್‌ಗೆ ಬೇಯರ್ ಆಮೇಲೆ ಹಿಂದಕ್ಕೆ ಹೋಗಿ ಕಟ್ಟಿದ ಅಂಕ 139.

ಇಂಗ್ಲೆಂಡಿನ ಕಡೆಯವರು ಗಡಿಯಾರವನ್ನೇ ಅಷ್ಟಾಗಿ ನಂಬುವುದಿಲ್ಲ. ಅವರದು ತೂಕ ಮತ್ತು ಅಂತರದ ಲೆಕ್ಕ: ಯಾವ ಕುದುರೆಯನ್ನು ಎಷ್ಟು ಭಾರ ಹೊತ್ತು ಎಷ್ಟು ಲೆಂತ್‌ನಿಂದ ಸೋಲಿಸಿತು. ಟೈಮ್‌ಫಾರ್ಮ್ ಸಂಸ್ಥೆಯ ಪಟ್ಟಿಯಲ್ಲಿ ಹದಿನಾಲ್ಕಕ್ಕೆ ಹದಿನಾಲ್ಕೂ ಗೆದ್ದ ಫ್ರಾಂಕೆಲ್‌ಗೆ 147, 1965ರ ಸೀ-ಬರ್ಡ್‌ಗೆ 145. ಇದರಲ್ಲೂ ವರ್ಷಗಳ ನಡುವೆ ಹೋಲಿಸಲು ಹೋದರೆ ಕಾಲು ಜಾರುತ್ತದೆ. ಅಂತರರಾಷ್ಟ್ರೀಯ ರ‍್ಯಾಂಕಿಂಗ್‌ನಲ್ಲಿ 1986ರ ಡ್ಯಾನ್ಸಿಂಗ್ ಬ್ರೇವ್‌ಗೆ 141 ಇತ್ತು, ಫ್ರಾಂಕೆಲ್‌ಗೆ 140 ಬಂತು. 2013ರ ಆರಂಭದಲ್ಲಿ ಹಳೆಯ ವರ್ಷಗಳ ಅಂಕ ಸ್ವಲ್ಪ ಉಬ್ಬಿತ್ತು ಎಂದು ಮರುಲೆಕ್ಕ ಮಾಡಿ ಡ್ಯಾನ್ಸಿಂಗ್ ಬ್ರೇವ್‌ನದನ್ನು 138ಕ್ಕೆ ಇಳಿಸಿದರು. ಓಡಿ ಇಪ್ಪತ್ತಾರು ವರ್ಷವಾದ ಮೇಲೆ ಮಾರ್ಕ್ಸ್ ಕಡಿತ! ನಮ್ಮ ಎಸ್ಸೆಸ್ಸೆಲ್ಸಿ ಬೋರ್ಡಿನವರೂ ಇಷ್ಟು ಧೈರ್ಯ ಮಾಡಲಾರರು.

ಶಿಷ್ಯನ ಪ್ರಶ್ನೆಗೆ ಬರುತ್ತೇನೆ. ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಡೆನ್ನಿ ಎಂಬ ಜೀವವಿಜ್ಞಾನಿ 2008ರಲ್ಲಿ ಈ ಮೂರು ಓಟಗಳ ಟೈಮುಗಳನ್ನೆಲ್ಲ ಹರಡಿಕೊಂಡು ನೋಡಿದರು. ಗೆಲ್ಲುವ ವೇಗ 1970ರ ದಶಕದ ಆರಂಭದ ಹೊತ್ತಿಗೆ ಏರುವುದು ನಿಂತಿದೆ ಎಂದರು. ರೇಸಿಗೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಗಂಡು ಸಂತತಿಯೆಲ್ಲ ಮೂರೇ ಮೂರು ಹಳೆಯ ಗಂಡು ಕುದುರೆಗಳಿಗೆ ಸೇರುತ್ತದೆ, ಹೊರಗಿನ ರಕ್ತ ಬರುವುದಿಲ್ಲ, ಹಾಗಾಗಿ ಮಿತಿ ಮುಟ್ಟಿದೆ ಎನ್ನುವವರಿದ್ದಾರೆ. ಅದಕ್ಕೆ ಎದುರಾಗಿ 2015ರಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದ ಇಬ್ಬರು ಬ್ರಿಟನ್ನಿನ ಓಟಗಳನ್ನು ಲೆಕ್ಕ ಹಾಕಿ, ಕುದುರೆಗಳು ಈಗಲೂ ವೇಗ ಹೆಚ್ಚಿಸಿಕೊಳ್ಳುತ್ತಿವೆ, ಅದೂ ಗಿಡ್ಡ ಓಟಗಳಲ್ಲಿ ಹೆಚ್ಚು ಎಂದು ತೋರಿಸಿದರು. ನನಗೆ ಎಕ್ಸೆಟರ್‌ನವರ ಕಡೆಗೇ ಒಲವು. ದೊಡ್ಡ ಓಟ ವರ್ಷಕ್ಕೊಂದೇ ಸಲ, ಮಳೆ ಬಂದರೆ ಮುಗಿಯಿತು. ಅಂಥ ಮೂರು ಓಟ ನೋಡಿ ಇಡೀ ತಳಿಗೆ ಫುಲ್‌ಸ್ಟಾಪ್ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಮಾಲೀಕರಿಗೆ ಬೇಕಾಗಿರುವುದೂ ಗೆಲುವು, ದಾಖಲೆಯಲ್ಲ. ಮುಂದಿರುವ ಜಾಕಿ ಕಡೇ ಫರ್ಲಾಂಗಿನಲ್ಲಿ ಲಗಾಮು ಬಿಗಿ ಹಿಡಿಯುತ್ತಾನೆ. ಸೆಕ್ರೆಟೇರಿಯಟ್‌ನ ಜಾಕಿ ರಾನ್ ಟರ್ಕಾಟ್ 1973ರ ಬೆಲ್ಮಾಂಟ್‌ನಲ್ಲಿ 31 ಲೆಂತ್ ಮುಂದಿದ್ದೂ ಹಿಡಿಯಲಿಲ್ಲ, ಕಡೆಗೆ ಕತ್ತು ತಿರುಗಿಸಿ ಗಡಿಯಾರದ ಬೋರ್ಡು ನೋಡಿದ. ಅದಕ್ಕೇ 2 ನಿಮಿಷ 24. ಹನ್ನೆರಡು ಫರ್ಲಾಂಗನ್ನೂ ಸರಾಸರಿ ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ! ನಂತರದ ಬೆಲ್ಮಾಂಟ್‌ಗಳಲ್ಲಿ ಎಲ್ಲಕ್ಕಿಂತ ಹತ್ತಿರ ಬಂದದ್ದು 1989ರ ಈಸಿ ಗೋಯರ್, 2 ನಿಮಿಷ 26. ಎರಡು ಸೆಕೆಂಡು. ಅಷ್ಟು ದೊಡ್ಡ ಅಂತರವನ್ನು ನೆಲದ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ.

ಇನ್ನು ಡರ್ಬಿ. ಅಲ್ಲಿ ಎರಡು ನಿಮಿಷದ ಒಳಗೆ ಗೆದ್ದ ಎರಡನೇ ಕುದುರೆ 2001ರ ಮೊನಾರ್ಕೋಸ್, 1 ನಿಮಿಷ 59.97. ಆ ಓಟದ ಒಳಗಿನ ಟೈಮು ನೋಡಿದರೆ ವಿಷಯ ಗೊತ್ತಾಗುತ್ತದೆ. ಸಾಂಗ್‌ಅಂಡಪ್ರೇಯರ್ ಎಂಬ ಕುದುರೆ ಮೊದಲ ಅರ್ಧ ಮೈಲಿಯನ್ನು 44.86 ಸೆಕೆಂಡಿಗೆ ಓಡಿಬಿಟ್ಟಿತ್ತು. ಡರ್ಬಿಯಲ್ಲಿ ಅಲ್ಲಿಯವರೆಗೆ ಯಾವುದೂ ಅಷ್ಟು ಬೇಗ ಹೋಗಿರಲಿಲ್ಲ. ಅದು ಕಡೆಗೆ ಸುಸ್ತಾಯಿತು, ನನ್ನ ಶಿಷ್ಯನ ಹಾಗೆ. ಆದರೆ ಹಿಂದಿನವರನ್ನೆಲ್ಲ ಆ ವೇಗಕ್ಕೆ ಎಳೆದುಕೊಂಡು ಹೋಯಿತು. ಸೆಕ್ರೆಟೇರಿಯಟ್‌ನ ಡರ್ಬಿ ಇದಕ್ಕೆ ತಲೆಕೆಳಗು. ಕಾಲು ಕಾಲು ಮೈಲಿಯ ಟೈಮು ಹೀಗಿದೆ: 25.2, 24, 23.8, 23.4, 23. ಐದು ಕಾಲು ಮೈಲಿ, ಪ್ರತಿಯೊಂದೂ ಹಿಂದಿನದಕ್ಕಿಂತ ಬೇಗ. ದೂರದ ಓಟದ ಹುಡುಗರಿಗೆ ಕೊನೇ ಸುತ್ತು ಮೊದಲ ಸುತ್ತಿಗಿಂತ ಬೇಗ ಓಡ್ರೋ ಎಂದು ಗಂಟಲು ಹರಿದುಕೊಂಡ ನನಗೆ ಇದರ ಬೆಲೆ ಗೊತ್ತು.

ಈ ಟೈಮುಗಳಿಗೆಲ್ಲ ನನ್ನ ಸಾಕ್ಷಿ ಬೇರೊಂದು ಕುದುರೆ. ಹೆಸರು ಶಾಮ್. 1973ರ ಡರ್ಬಿಯಲ್ಲಿ ಗೇಟಿಗೆ ಬಾಯಿ ಬಡಿದುಕೊಂಡು ಎರಡು ಹಲ್ಲು ಅಲ್ಲಾಡಿದ್ದರೂ ಓಡಿ, ಎರಡೂವರೆ ಲೆಂತ್ ಹಿಂದೆ ಎರಡನೆಯದಾಯಿತು. ಅದರ ಹಿಂದೆ ಎಂಟು ಲೆಂತ್ ಬಿಟ್ಟು ಅವರ್ ನೇಟಿವ್. ಎರಡು ವಾರ ಬಿಟ್ಟು ಪ್ರೀಕ್‌ನೆಸ್‌ನಲ್ಲಿ ನೋಡಿ: ಸೆಕ್ರೆಟೇರಿಯಟ್, ಎರಡೂವರೆ ಲೆಂತ್ ಹಿಂದೆ ಶಾಮ್, ಮತ್ತೆ ಎಂಟು ಲೆಂತ್ ಹಿಂದೆ ಅವರ್ ನೇಟಿವ್. ಊರು ಬೇರೆ, ದೂರ ಬೇರೆ, ಅಂತರ ಮಾತ್ರ ಅಳೆದಿಟ್ಟ ಹಾಗೆ ಅದೇ. ಮೂರೂ ಕುದುರೆ ತಮ್ಮ ತಮ್ಮ ಪೂರ್ತಿ ಓಟ ಓಡಿವೆ ಎನ್ನಲು ಇದಕ್ಕಿಂತ ಏನು ಬೇಕು? ಡರ್ಬಿಯಲ್ಲಿ ದಾಖಲೆ ಮುರಿದ ಓಟ ಓಡಿದ ಅದೇ ಮೂರು, ಪ್ರೀಕ್‌ನೆಸ್‌ನಲ್ಲಿ ಒಟ್ಟಿಗೆ ಮಾತಾಡಿಕೊಂಡು ಅಷ್ಟಷ್ಟೇ ನಿಧಾನವಾದವು ಎಂದು ನಂಬುವುದಕ್ಕಿಂತ ಗಡಿಯಾರ ಕೆಟ್ಟಿತ್ತು ಎಂದು ನಂಬುವುದು ಸುಲಭ. ನೆಲ ನಿಧಾನವಿದ್ದಿರಬಹುದಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ 2012ರ ವಿಡಿಯೋ ಅಳತೆ ನೆಲದ ಬಗ್ಗೆ ಊಹೆ ಮಾಡುವ ಅಗತ್ಯವನ್ನೇ ಉಳಿಸಲಿಲ್ಲ.

ಈಗ ಶಾಮ್‌ನ ಟೈಮು ಲೆಕ್ಕ ಹಾಕಿ. ಎರಡೂವರೆ ಲೆಂತ್‌ಗೆ ಅರ್ಧ ಸೆಕೆಂಡು. ಡರ್ಬಿಯಲ್ಲಿ ಸುಮಾರು 1 ನಿಮಿಷ 59.9, ಅಂದರೆ ಮೊನಾರ್ಕೋಸ್‌ನ ಪಕ್ಕದಲ್ಲೇ. ಪ್ರೀಕ್‌ನೆಸ್‌ನಲ್ಲಿ ಸುಮಾರು 1 ನಿಮಿಷ 53.5, ಅಂದರೆ 1985ರ ಮತ್ತು 1996ರ ‘ದಾಖಲೆ’ ಕುದುರೆಗಳಿಗೆ ಅರ್ಧ ಲೆಂತ್ ದೂರದಲ್ಲಿ. ಬೇರೆ ಹೆಚ್ಚುಕಡಿಮೆ ಯಾವ ವರ್ಷ ಹುಟ್ಟಿದ್ದರೂ ಎರಡನ್ನೂ ಗೆಲ್ಲಬಹುದಾಗಿದ್ದ ಕುದುರೆ. ಬೆಲ್ಮಾಂಟ್‌ನಲ್ಲಿ ಸೆಕ್ರೆಟೇರಿಯಟ್ ಜೊತೆ ಹೆಗಲಿಗೆ ಹೆಗಲು ಕೊಟ್ಟು ಹೊರಟಿತು. ಮೊದಲ ಆರು ಫರ್ಲಾಂಗು 1 ನಿಮಿಷ 9.8ರಲ್ಲಿ ಹೋದಾಗ ಅದರ ಕಥೆ ಮುಗಿಯಿತು. ಐದು ಕುದುರೆಗಳ ಓಟದಲ್ಲಿ ಐದನೆಯದು. ಆಮೇಲೆ ಓಡಲೇ ಇಲ್ಲ.

ಸೆಕ್ರೆಟೇರಿಯಟ್‌ಗೆ 22 ಪೌಂಡಿನ ಹೃದಯವಿತ್ತು ಎಂದು ಎಲ್ಲ ಕಡೆ ಬರೆಯುತ್ತಾರೆ. ಸಾಮಾನ್ಯ ಥರೋಬ್ರೆಡ್‌ನದು ಎಂಟೂವರೆ ಪೌಂಡಿನ ಆಸುಪಾಸು. ಆದರೆ 1989ರಲ್ಲಿ ಆ ಹೃದಯವನ್ನು ಯಾರೂ ತೂಗಲಿಲ್ಲ. ಶವಪರೀಕ್ಷೆ ಮಾಡಿದ ಡಾಕ್ಟರ್ ಸ್ವೆರ್ಚೆಕ್ ಕೊಟ್ಟದ್ದು ಅಂದಾಜು. 1993ರಲ್ಲಿ ಶಾಮ್ ಸತ್ತಾಗ ಅದೇ ಡಾಕ್ಟರು ಅದರ ಹೃದಯವನ್ನು ತಕ್ಕಡಿಗೆ ಹಾಕಿದರು: 18 ಪೌಂಡು, ನಮ್ಮ ಲೆಕ್ಕದಲ್ಲಿ ಎಂಟು ಕಿಲೋ. ಒಂದು ಕಣ್ಣಳತೆ, ಇನ್ನೊಂದು ತೂಕ.

ಮ್ಯಾನ್ ಓ’ ವಾರ್ ಎಂಬ ಹಳೆಯ ಕುದುರೆಯ ಬಗ್ಗೆ ಯಾಕೆ ಬರೆಯಲಿಲ್ಲ ಎಂದು ಶಿಷ್ಯ ಖಂಡಿತ ಕೇಳುತ್ತಾನೆ. 1920ರಲ್ಲಿ ಅದು ಬೆಲ್ಮಾಂಟ್ ಗೆದ್ದಾಗ ಓಟವೇ ಹನ್ನೊಂದು ಫರ್ಲಾಂಗಿನದು. ಈಚೆಗೂ ಹಾಗೆಯೇ: 2020ರಲ್ಲಿ ಬೆಲ್ಮಾಂಟನ್ನು ಒಂಬತ್ತು ಫರ್ಲಾಂಗಿಗೆ ಇಳಿಸಿದರು, 2024 ಮತ್ತು 2025ರಲ್ಲಿ ಮೈದಾನದ ಕಟ್ಟಡ ಕೆಲಸದ ಕಾರಣ ಸರಟೋಗಾ ರೇಸ್‌ಕೋರ್ಸಿಗೆ ಒಯ್ದು ಹತ್ತು ಫರ್ಲಾಂಗು ಓಡಿಸಿದರು. ಇವುಗಳ ಟೈಮನ್ನು ಒಂದೇ ಕಾಲಮ್ಮಿನಲ್ಲಿ ಬರೆದು ಹೋಲಿಸುವವರಿಗೆ ನನ್ನ ಕೈಯಲ್ಲಿ ಸ್ಟಾಪ್‌ವಾಚ್ ಸಿಗುವುದಿಲ್ಲ. ಒಂದನ್ನು ಮಾತ್ರ ನಾನು ನನ್ನ ಪುಸ್ತಕದಲ್ಲಿ ಪೆನ್ಸಿಲ್ಲಿನಲ್ಲಿ ಸೇರಿಸಿದ್ದೇನೆ. ಪ್ರೀಕ್‌ನೆಸ್, 1973, ಎರಡನೇ ಸ್ಥಾನ, ಶಾಮ್, 1:53.5. ನಮ್ಮ ಕೂಟಗಳಲ್ಲಿ ಎರಡನೆಯವನಿಗೂ ಒಂದು ವಾಚು ಇರುತ್ತಿತ್ತು.